ಇಪ್ಪತ್ತೇಳು ಹುಟ್ಟು ನಾಯಕಿಯರು

ಆ ಶಾಲೆಯಿಂದ ಟೈಪ್‌ರೈಟರ್ ಹೋಗಿ ಹದಿನೈದು ವರ್ಷವಾಗಿತ್ತು. ಟೈಪಿಸ್ಟಮ್ಮ ಮಾತ್ರ ಟೈಪಿಸ್ಟಮ್ಮನಾಗಿಯೇ ಉಳಿದಿದ್ದರು. ಕಂಪ್ಯೂಟರಿನ ಕೀಲಿಗಳನ್ನೂ ಅವರು ಹಳೆಯ ಯಂತ್ರವನ್ನು ಕುಟ್ಟಿದ ಹಾಗೇ ಕುಟ್ಟುತ್ತಿದ್ದರು. ಆ ಸದ್ದು ನಿಂತರೆ ಪಕ್ಕದ ಕೋಣೆಯಲ್ಲಿ ಹೆಡ್ಮಾಸ್ತರಿಗೆ ನಿದ್ದೆಯಿಂದ ಎಚ್ಚರವಾಗುತ್ತದೆ ಎಂದು ಜವಾನ ಹೇಳುತ್ತಿದ್ದ. ಜವಾನನ ಮಾತನ್ನು ಪೂರ್ತಿ ನಂಬಬೇಕಾಗಿಲ್ಲ, ಅರ್ಧ ನಂಬಿದರೆ ಸಾಕು.

ಕೊನೆಯ ತರಗತಿಯ ಮಕ್ಕಳು ಕಾಲೇಜುಗಳಿಗೆ ಅರ್ಜಿ ಹಾಕುವ ಕಾಲ ಬಂದರೆ ಟೈಪಿಸ್ಟಮ್ಮನ ಮೇಜಿಗೆ ಎರಡು ಕೆಲಸ ಬಂದು ಬೀಳುತ್ತಿದ್ದವು. ಒಂದು, ‘ಮುಂದೆ ಏನಾಗಬೇಕೆಂದಿದ್ದೀರಿ’ ಎಂದು ಮಕ್ಕಳಿಂದ ಬರೆಸಿಕೊಂಡ ಹಾಳೆಗಳನ್ನು ಪಟ್ಟಿ ಮಾಡುವುದು. ಇನ್ನೊಂದು, ಪ್ರತಿಯೊಬ್ಬರಿಗೂ ಹೆಡ್ಮಾಸ್ತರ ಶಿಫಾರಸು ಪತ್ರ ಸಿದ್ಧಪಡಿಸುವುದು.

ಪಟ್ಟಿ ಮಾಡುವುದೆಂದರೆ ಅವರಿಗೆ ಬಲು ಖುಷಿ. ಇಪ್ಪತ್ತೊಂದು ವರ್ಷದಿಂದ ನೋಡುತ್ತಿದ್ದಾರೆ, ಹುಡುಗರಿಗೆ ಏನನ್ನಾದರೂ ಓಡಿಸಬೇಕು. ವಿಮಾನ, ರೈಲು, ಕಂಪನಿ, ಯಾವುದೂ ತೋಚದಿದ್ದರೆ ದೇಶ. ಹುಡುಗಿಯರಿಗೆ ಯಾರನ್ನಾದರೂ ನೋಡಿಕೊಳ್ಳಬೇಕು. ಮಕ್ಕಳನ್ನು, ರೋಗಿಗಳನ್ನು, ಹಲ್ಲುನೋವಿನವರನ್ನು. ನೂರಕ್ಕೆ ನಲವತ್ತೆಂಟು ತೆಗೆದ ಹುಡುಗ ‘ವಿಜ್ಞಾನಿ’ ಎಂದು ದಪ್ಪಕ್ಷರದಲ್ಲಿ ಬರೆದು ಅಡಿಗೆರೆಯನ್ನೂ ಎಳೆದಿರುತ್ತಿದ್ದ. ತೊಂಬತ್ತಮೂರು ತೆಗೆದ ಹುಡುಗಿ ‘ಡಾಕ್ಟರ್, ಆಗದಿದ್ದರೆ ನರ್ಸ್, ಅದೂ ಆಗದಿದ್ದರೆ ಮನೆಯವರು ಹೇಳಿದ್ದು’ ಎಂದು ತಾನಾಗಿಯೇ ಮೆಟ್ಟಿಲಿಳಿದು ಬಾಗಿಲ ಹತ್ತಿರ ಬಂದು ನಿಂತಿರುತ್ತಿದ್ದಳು. ಟೈಪಿಸ್ಟಮ್ಮ ಇದನ್ನೆಲ್ಲ ಕುಟ್ಟುತ್ತ ಒಬ್ಬರೇ ನಗುತ್ತಿದ್ದರು. ನಕ್ಕ ಮೇಲೆ ಯೋಚನೆಯನ್ನೂ ಮಾಡಬೇಕೆಂದು ಅವರಿಗೆ ಯಾರೂ ಹೇಳಿರಲಿಲ್ಲ.

ಪತ್ರಗಳ ಕೆಲಸ ಇನ್ನೂ ಸುಲಭ. ಎರಡು ನಮೂನೆಗಳಿದ್ದವು. ಹುಡುಗರದ್ದು ಹಿಂದಿನ ಹೆಡ್ಮಾಸ್ತರು ಬರೆದದ್ದು. ಅವರು ಶಾಲೆಯ ಫುಟ್ಬಾಲ್ ತಂಡಕ್ಕೆ ತರಬೇತಿ ಕೊಡುತ್ತಿದ್ದವರು. ‘ಈತ ಹುಟ್ಟು ನಾಯಕ. ಎದುರಾಳಿ ಎಂಥವನಾದರೂ ಎದೆಗುಂದುವವನಲ್ಲ. ಸವಾಲು ಕಂಡರೆ ಮುನ್ನುಗ್ಗುವನು. ಎಂಥ ಹೊಣೆಯನ್ನಾದರೂ ಈತನ ಕೈಗೆ ಕೊಟ್ಟು ನಿಶ್ಚಿಂತೆಯಿಂದಿರಬಹುದು.’ ಚೆಂಡಿನ ಹತ್ತಿರವೂ ಸುಳಿಯದ, ತರಗತಿಯ ನೆರಳಲ್ಲಿ ನಿದ್ದೆ ಹೊಡೆದ ಹುಡುಗರೂ ವರ್ಷವರ್ಷವೂ ಇದೇ ಪತ್ರ ಹಿಡಿದು ಹುಟ್ಟು ನಾಯಕರಾಗಿ ಹೊರಬಿದ್ದಿದ್ದರು.

ಹುಡುಗಿಯರ ನಮೂನೆ ಟೈಪಿಸ್ಟಮ್ಮನದೇ ಸ್ವಂತ ರಚನೆ. ಅವರು ಕೆಲಸಕ್ಕೆ ಸೇರಿದ ವರ್ಷ ಆ ಹೆಡ್ಮಾಸ್ತರು, “ಹುಡುಗಿಯರಿಗೂ ಏನಾದ್ರೂ ಒಂದು ಬರೀರಮ್ಮ” ಎಂದು ಹೇಳಿ ಆಟದ ಮೈದಾನಕ್ಕೆ ಹೋಗಿಬಿಟ್ಟಿದ್ದರು. ಟೈಪಿಸ್ಟಮ್ಮ ಮೂರು ದಿನ ಕೂತು, ಬರೆದು ಹೊಡೆದು ಹಾಕಿ, ಮತ್ತೆ ಬರೆದು, ಕೊನೆಗೆ ಹೀಗೆ ಮಾಡಿದ್ದರು: ‘ಈಕೆ ಮೃದುಭಾಷಿ. ಹಿರಿಯರಿಗೆ ಎದುರಾಡಿದ ನಿದರ್ಶನವಿಲ್ಲ. ಕೈಬರಹ ಮುತ್ತು ಪೋಣಿಸಿದಂತೆ. ಶಾಲೆಯ ಹೂಕುಂಡಗಳಿಗೆ ಯಾರೂ ಹೇಳದೆಯೇ ನೀರೆರೆಯುವಳು. ಈಕೆಯಿಂದ ಯಾವ ಸಂಸ್ಥೆಗೂ ಎಂದೂ ತೊಂದರೆಯಾಗದು.’ ಆ ‘ಮುತ್ತು ಪೋಣಿಸಿದಂತೆ’ ಎಂಬಲ್ಲಿಗೆ ಬಂದಾಗ ಅವರಿಗೆ ಈಗಲೂ ಒಳಗೊಳಗೇ ಹೆಮ್ಮೆಯಾಗುತ್ತಿತ್ತು. ಎಷ್ಟೋ ಹುಡುಗಿಯರಿಗೆ ಇಷ್ಟು ಚೆಂದದ ಪತ್ರ ಕೊಟ್ಟು ಕಳಿಸಿದ್ದೇನಲ್ಲ ಎಂಬ ತೃಪ್ತಿಯಲ್ಲಿ ಅವರು ಸುಖವಾಗಿ ನಿದ್ದೆ ಮಾಡಿದವರು.

ಈಗಿನ ಹೆಡ್ಮಾಸ್ತರು ಪತ್ರಗಳನ್ನು ಓದುತ್ತಿರಲಿಲ್ಲ. ಕಟ್ಟು ಎದುರಿಗೆ ಬಂದರೆ ಎಡಗೈಯಲ್ಲಿ ಚಹಾ, ಬಲಗೈಯಲ್ಲಿ ಪೆನ್ನು. ಒಂದು ಲೋಟ ಚಹಾಕ್ಕೆ ಮೂವತ್ತು ಸಹಿ ಎಂದು ಟೈಪಿಸ್ಟಮ್ಮ ಲೆಕ್ಕ ಹಾಕಿಟ್ಟಿದ್ದರು.

ಈ ವರ್ಷ ಕೊನೆಯ ತರಗತಿಯಲ್ಲಿ ಟೈಪಿಸ್ಟಮ್ಮನ ತಂಗಿಯ ಮಗಳೂ ಇದ್ದಳು. ತಂಗಿ ಬೇರೆ ಊರಿನ ಆಸ್ಪತ್ರೆಯಲ್ಲಿ ನರ್ಸು. ಪಾಳಿಯ ಕೆಲಸ, ಮನೆಯಲ್ಲಿ ಹೊತ್ತಿಗೆ ಸರಿಯಾಗಿ ಯಾರೂ ಇರುವುದಿಲ್ಲ ಎಂದು ಮಗಳನ್ನು ಅಕ್ಕನ ಹತ್ತಿರ ಬಿಟ್ಟು ನಾಲ್ಕು ವರ್ಷವಾಗಿತ್ತು. ಹುಡುಗಿಗೆ ಮನೆಯಲ್ಲೂ ಶಾಲೆಯಲ್ಲೂ ತರಲೆ ಎಂದೇ ಹೆಸರು. ಆ ಹೆಸರು ಅವಳಿಗೆ ಸುಮ್ಮನೆ ಬಂದದ್ದಲ್ಲ. ಬಂದ ಮೊದಲನೇ ವಾರವೇ ಮಿಕ್ಸಿ ಬಿಚ್ಚಿಟ್ಟಿದ್ದಳು. ಎರಡನೇ ವಾರ ಗಡಿಯಾರ, ಮೂರನೇ ವಾರ ಬಾಗಿಲ ಬೀಗ. ಎಲ್ಲವನ್ನೂ ಮತ್ತೆ ಕೂಡಿಸಿಯೂ ಇದ್ದಳು ಅನ್ನಿ, ಆದರೆ ಪ್ರತಿಸಲವೂ ಒಂದೆರಡು ಸ್ಕ್ರೂ ಉಳಿದುಬಿಡುತ್ತಿತ್ತು. “ಇವು ಬೇಕಾಗೇ ಇರ್ಲಿಲ್ಲ ದೊಡ್ಡಮ್ಮ, ಸುಮ್ನೆ ಹಾಕಿದ್ರು” ಎನ್ನುತ್ತಿದ್ದಳು. ಬೇಸರದ ಸಂಗತಿಯೆಂದರೆ ಮಿಕ್ಸಿ ಮೊದಲಿಗಿಂತ ಚೆನ್ನಾಗಿ ತಿರುಗುತ್ತಿತ್ತು.

ತರಲೆ ತನ್ನ ಹಾಳೆಯಲ್ಲಿ ಎರಡೇ ಪದ ಬರೆದಿದ್ದಳು: ‘ಹಡಗಿನ ಎಂಜಿನ್.’

“ಆಗದಿದ್ರೆ ಅಂತ ಏನೂ ಬರೆದಿಲ್ವಲ್ಲೇ?” ಎಂದು ಕೇಳಿದರು ಟೈಪಿಸ್ಟಮ್ಮ.

“ಆಗದಿದ್ರೆ ಯಾಕಾಗ್ಲಿಲ್ಲ ಅಂತ ಹೋಗಿ ಕೇಳ್ತೀನಿ.”

ಹಡಗಿನ ಎಂಜಿನ್ ಕಲಿಸುವ ಕಾಲೇಜು ಇದ್ದದ್ದು ಒಂದೇ, ಸೀಟು ಮೂವತ್ತೇ. ಸಂದರ್ಶನಕ್ಕೆ ಕರೆ ಬಂದರೆ ಅರ್ಧ ಗೆದ್ದ ಹಾಗೆ. ಹನ್ನೊಂದನೇ ವಯಸ್ಸಿನಿಂದ ಆ ಹುಡುಗಿ ಅದೊಂದನ್ನೇ ಜಪಿಸುತ್ತಿದ್ದಳು. ಅಂಕಗಳು ಬೇಕಾದಷ್ಟಿದ್ದವು. ಇನ್ನು ಚೆಂದದ ಪತ್ರವೊಂದು ಜೊತೆಗಿದ್ದರೆ ಯಾರು ಬೇಡವೆಂದಾರು ಎಂದುಕೊಂಡು ಟೈಪಿಸ್ಟಮ್ಮ ನೆಮ್ಮದಿಯಾಗಿದ್ದರು.

ಆ ನೆಮ್ಮದಿಗೆ ಕಲ್ಲು ಬಿದ್ದದ್ದು ಒಂದು ಸೋಮವಾರ ಬೆಳಗಿನ ಅಂಚೆಯಲ್ಲಿ. ಅದೇ ಕಾಲೇಜಿನವರು ಹೋದ ವರ್ಷ ಸೇರದೆ ಉಳಿದ ಅಭ್ಯರ್ಥಿಗಳ ಕಾಗದಪತ್ರಗಳನ್ನು ಶಾಲೆಗೆ ವಾಪಸು ಕಳಿಸಿದ್ದರು. ಲಕೋಟೆಯಲ್ಲಿ ಎರಡು ಕಡತ. ಒಂದು, ಹೋದ ವರ್ಷ ತೊಂಬತ್ತನಾಲ್ಕು ತೆಗೆದ ಹುಡುಗಿಯದು. ಅವಳ ಶಿಫಾರಸು ಪತ್ರದಲ್ಲಿ ಟೈಪಿಸ್ಟಮ್ಮನ ಒಂದೊಂದು ವಾಕ್ಯದ ಕೆಳಗೂ ಯಾರೋ ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದರು. ಅಂಚಿನಲ್ಲಿ ಟಿಪ್ಪಣಿ ಇತ್ತು: ‘ಒಳ್ಳೆಯ ಹುಡುಗಿ. ಎಂಜಿನ್ ಕೋಣೆಗಲ್ಲ.’ ಇನ್ನೊಂದು, ಎಪ್ಪತ್ತೊಂದು ತೆಗೆದ ಹುಡುಗನದು. ಅವನು ಆಯ್ಕೆಯೇನೋ ಆಗಿದ್ದ, ಕಣ್ಣಿನ ಪರೀಕ್ಷೆಯಲ್ಲಿ ಬಿದ್ದಿದ್ದ. ಅವನ ಪತ್ರದ ಅಂಚಿನಲ್ಲಿ ಒಂದೇ ಪದ: ‘ಕರೆಯಿರಿ.’

ಟೈಪಿಸ್ಟಮ್ಮ ಎರಡನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟುಕೊಂಡು ಕೂತರು. ಆ ತೊಂಬತ್ತನಾಲ್ಕರ ಹುಡುಗಿ ಈಗ ಪೇಟೆಯ ಚಪ್ಪಲಿ ಅಂಗಡಿಯಲ್ಲಿದ್ದಾಳೆ. ಡಬ್ಬಗಳ ಮೇಲೆ ಅಳತೆ ಬರೆಯುವ ಕೆಲಸ. ಹೋದ ತಿಂಗಳು ತಾವೇ ಅಲ್ಲಿ ಚಪ್ಪಲಿ ಕೊಂಡಿದ್ದರು. ಅಕ್ಷರ ಮುತ್ತಿನಂತಿದೆ ಎಂದು ಹೊಗಳಿಯೂ ಬಂದಿದ್ದರು. ಹೊಗಳಿ ಹೊಗಳಿಯೇ ಆ ಹುಡುಗಿಯ ದಾರಿಗೆ ಅಡ್ಡ ಕೂತವರು ತಾವು. ಅವಳೊಬ್ಬಳಿಗೇ ಅಲ್ಲ, ಇಪ್ಪತ್ತೊಂದು ವರ್ಷ.

ಕುಟ್ಟುವ ಸದ್ದು ನಿಂತು ಬಹಳ ಹೊತ್ತಾಗಿದ್ದರಿಂದ ಹೆಡ್ಮಾಸ್ತರು ಬಾಗಿಲಲ್ಲಿ ಇಣುಕಿದರು. “ಯಾಕ್ರೀ, ಕರೆಂಟ್ ಹೋಯ್ತಾ?”

“ಇಲ್ಲ ಸಾರ್, ಬಂತು” ಎಂದರು ಟೈಪಿಸ್ಟಮ್ಮ.

ಆ ದಿನ ಮಧ್ಯಾಹ್ನ ಊಟದ ಬಿಡುವಿನಲ್ಲಿ, ಜವಾನ ಬೆಂಚಿನ ಮೇಲೆ ಕಾಲು ಚಾಚಿದ್ದ ಹೊತ್ತು ನೋಡಿ, ಅವರು ನಮೂನೆಗಳನ್ನು ಅದಲುಬದಲು ಮಾಡಿದರು. ಹುಡುಗರದ್ದು ಹುಡುಗಿಯರಿಗೆ, ಹುಡುಗಿಯರದ್ದು ಹುಡುಗರಿಗೆ. ತರಲೆಯೊಬ್ಬಳದನ್ನೇ ಬದಲಾಯಿಸಬಹುದಿತ್ತು. ಆದರೆ ತಂಗಿಯ ಮಗಳಿಗೆ ಮಾತ್ರ ಮಾಡಿಕೊಂಡರು ಎಂಬ ಮಾತು ಬರಬಾರದು. ಎಲ್ಲರಿಗೂ ಹುಟ್ಟು ನಾಯಕತ್ವವನ್ನೇ ಹಂಚಬಹುದಿತ್ತು. ಆದರೆ ತಮ್ಮ ಮೂರು ದಿನದ ಬೆವರಿನ ರಚನೆಯನ್ನು ಬುಟ್ಟಿಗೆ ಎಸೆಯಲು ಮನಸ್ಸು ಬರಲಿಲ್ಲ. ಅಷ್ಟು ಒಳ್ಳೆಯ ಪತ್ರ, ಹುಡುಗರೂ ಒಂದು ವರ್ಷ ಅನುಭವಿಸಲಿ ಎಂದುಕೊಂಡರು. ಹೀಗೆ ಒಂದೇ ಮಧ್ಯಾಹ್ನದಲ್ಲಿ ಶಾಲೆಯಲ್ಲಿ ಇಪ್ಪತ್ತೇಳು ಹುಟ್ಟು ನಾಯಕಿಯರೂ ಮೂವತ್ತೊಂದು ಮೃದುಭಾಷಿ ಹುಡುಗರೂ ಉದಯಿಸಿದರು. ಹೆಡ್ಮಾಸ್ತರು ಎರಡು ಲೋಟ ಚಹಾದಲ್ಲಿ ಐವತ್ತೆಂಟಕ್ಕೂ ಸಹಿ ಹಾಕಿದರು. ಪತ್ರಗಳ ಒಂದು ಪ್ರತಿ ಕಾಲೇಜಿಗೆ, ಒಂದು ಪ್ರತಿ ಮನೆಗೆ ಹೋಯಿತು.

ತರಲೆ ಸಂಜೆ ತನ್ನ ಪ್ರತಿಯನ್ನು ಓದಿ ಹುಬ್ಬು ಗಂಟಿಕ್ಕಿದಳು. “ದೊಡ್ಡಮ್ಮ, ಇದು ನನ್ನ ಬಗ್ಗೆನಾ? ನಾನ್ಯಾವಾಗ ನಾಯಕಿ ಆದೆ? ನನ್ನ ಮಾತು ನಮ್ಮ ಬೆಂಚಿನವರೇ ಕೇಳಲ್ಲ.”

“ಬಾಯ್ಮುಚ್ಚಿಕೊಂಡು ಇಟ್ಕೋ” ಎಂದರು ದೊಡ್ಡಮ್ಮ.

ಎರಡು ದಿನ ಏನೂ ಆಗಲಿಲ್ಲ. ಗುರುವಾರ ಮಧ್ಯಾಹ್ನದ ಚಿಕ್ಕ ಬಿಡುವು ಮುಗಿದು ಗಂಟೆ ಹೊಡೆಯುತ್ತಿದ್ದ ಹಾಗೆ ಕಟ್ಟಡ ಕಂಟ್ರಾಕ್ಟರು ಮೆಟ್ಟಿಲು ನಡುಗುವಂತೆ ಹತ್ತಿ ಬಂದರು. ಹಿಂದೆ ಅವರ ಮಗ. ಎತ್ತರಕ್ಕೆ ಬೆಳೆದ ಹುಡುಗ, ಎಲ್ಲರೂ ಕಂಬ ಎಂದೇ ಕರೆಯುತ್ತಿದ್ದದ್ದು. ಕಂಟ್ರಾಕ್ಟರು ಪತ್ರವನ್ನು ಹೆಡ್ಮಾಸ್ತರ ಮೇಜಿನ ಮೇಲೆ ಅಪ್ಪಳಿಸಿದರು.

“ಏನ್ ಸಾರ್ ಇದು? ಇದು ಕಾಲೇಜಿಗೋ ಮದುವೆಗೋ? ನನ್ನ ಮಗ ಮೃದುಭಾಷಿಯಂತೆ! ಕೈಬರಹ ಮುತ್ತಂತೆ! ನಾಳೆ ಸೈಟಲ್ಲಿ ನಲವತ್ತು ಜನ ಕೂಲಿಗಳನ್ನ ನೋಡ್ಕೋಬೇಕಾದೋನು, ಹೂಕುಂಡಕ್ಕೆ ನೀರು ಹಾಕ್ತಾನಂತೆ!”

ಹೆಡ್ಮಾಸ್ತರು ಪತ್ರವನ್ನು ಕೈಗೆತ್ತಿಕೊಂಡು, ತಾವೇ ಬರೆದದ್ದನ್ನು ಇನ್ನೊಮ್ಮೆ ಸವಿಯುವವರ ಗತ್ತಿನಲ್ಲಿ ಮೊದಲ ಸಲ ಓದತೊಡಗಿದರು. ಒಂದೊಂದು ಸಾಲಿಗೂ ಅವರ ಹುಬ್ಬು ಒಂದೊಂದು ಅಂಗುಲ ಮೇಲೇರಿತು. ಬಾಗಿಲ ಬಳಿ ಕಡತ ಹಿಡಿದು ನಿಂತ ಟೈಪಿಸ್ಟಮ್ಮನ ಕಡೆ ಕಣ್ಣು ಹೊರಳಿತು. ಟೈಪಿಸ್ಟಮ್ಮ ಗೋಡೆಯ ಕ್ಯಾಲೆಂಡರನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದರು. ಹೆಡ್ಮಾಸ್ತರು ಪೇಚಿಗೆ ಸಿಕ್ಕಿಕೊಂಡಿದ್ದರು. ತಪ್ಪಾಗಿದೆ ಎಂದರೆ ಓದದೆ ಸಹಿ ಹಾಕಿದ್ದು ಬಯಲಾಗುತ್ತದೆ. ಸರಿಯಾಗಿದೆ ಎಂದರೆ ಎದುರಿಗೆ ಈ ಆಸಾಮಿ. ಅವರು ಗಂಟಲು ಸರಿಮಾಡಿಕೊಂಡು ಮಾನವನ್ನೇ ಆರಿಸಿಕೊಂಡರು.

“ಇದರಲ್ಲಿ ಪ್ರತಿ ಅಕ್ಷರಾನೂ ನಾನು ಯೋಚನೆ ಮಾಡೇ ಬರೆದದ್ದು.”

“ಮೃದುಭಾಷಿ? ನಮ್ಮ ಮನೇಲಿ ಯಾರೂ ಇವತ್ತಿನವರೆಗೆ ಮೆತ್ತಗೆ ಮಾತಾಡಿದೋರಲ್ಲ ಸಾರ್!”

“ಅದು ಗೊತ್ತಾಗ್ತಿದೆ” ಎಂದರು ಹೆಡ್ಮಾಸ್ತರು.

“ಹೂಕುಂಡ?”

“ಅಪ್ಪಾ, ಅದು ನಿಜ” ಎಂದ ಕಂಬ, ಹಿಂದಿನಿಂದ. “ನೀರು ಹಾಕೋನು ನಾನೇ. ಮೂರು ವರ್ಷದಿಂದ. ಜವಾನಣ್ಣ ಮರೀತಾರೆ.”

ಕಂಟ್ರಾಕ್ಟರು ತಿರುಗಿ ಮಗನನ್ನು ಕೆಳಗಿನಿಂದ ಮೇಲಕ್ಕೆ ನೋಡಿದರು. ನೋಡಿ ಮುಗಿಸಲು ಸ್ವಲ್ಪ ಹೊತ್ತೇ ಹಿಡಿಯಿತು. ಟೈಪಿಸ್ಟಮ್ಮನೂ ಕ್ಯಾಲೆಂಡರ್ ಬಿಟ್ಟು ಅವನನ್ನೇ ನೋಡಿದರು. ಹೂಕುಂಡಕ್ಕೆ ನೀರು ಹಾಕಿದ ಕೀರ್ತಿಯನ್ನು ಅವರು ಮೂರು ವರ್ಷವೂ ಒಬ್ಬರನ್ನೂ ಬಿಡದೆ ಹುಡುಗಿಯರಿಗೆ ಹಂಚಿದ್ದರು.

“ಪತ್ರ ಬದಲಾಯಿಸಬೇಡಿ ಸಾರ್” ಎಂದು ಕಂಬ ಮುಂದುವರಿಸಿದ. ಕಿವಿ ಕೆಂಪಗಾಗಿದ್ದರೂ ಮಾತು ನಿಲ್ಲಿಸಲಿಲ್ಲ. “ನಂಗೆ ಚಿಕ್ಕಮಕ್ಕಳಿಗೆ ಪಾಠ ಹೇಳೋ ಕೋರ್ಸ್ ಸೇರಬೇಕು. ಹಾಳೇಲಿ ಸಿವಿಲ್ ಎಂಜಿನಿಯರ್ ಅಂತ ಬರ್ದಿದ್ದೆ. ಅಪ್ಪ ಪಕ್ಕದಲ್ಲೇ ಕೂತಿದ್ರು. ಈ ಪತ್ರ ಓದಿದ್ಮೇಲೆ ಅನಿಸ್ತು, ಸಾರ್‌ಗೆ ಹೇಗೋ ಗೊತ್ತಾಗಿಬಿಟ್ಟಿದೆ ಅಂತ.”

ತನಗೆ ಎಲ್ಲ ಗೊತ್ತಿತ್ತು ಎಂಬ ಮುಖ ಮಾಡಿಕೊಂಡು ಹೆಡ್ಮಾಸ್ತರು ತಲೆಯಾಡಿಸಿದರು. ಕಂಟ್ರಾಕ್ಟರು ಮಗನ ತೋಳು ಹಿಡಿದುಕೊಂಡರು. ಆಮೇಲೆ, “ನಡಿ, ಮನೇಲಿ ಮಾತಾಡೋಣ” ಎಂದರು. ಮೆತ್ತಗೇ ಅಂದರು. ಮೆಟ್ಟಿಲನ್ನೂ ಸದ್ದಿಲ್ಲದೆ ಇಳಿದರು.

ಬಾಗಿಲು ಮುಚ್ಚಿದ ಮೇಲೆ ಹೆಡ್ಮಾಸ್ತರು ಪತ್ರವನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದರು. “ಇದನ್ನ ಬರೆದೋರು ಯಾರ್ರೀ?”

“ನಾನೇ ಸಾರ್. ಇಪ್ಪತ್ತೊಂದು ವರ್ಷ ಆಯ್ತು. ಆಗ ಹುಡುಗಿಯರಿಗೆ ಅಂತ ಬರೆದದ್ದು.”

“ಹುಡುಗಿಯರಿಗೆ ಚೆನ್ನಾಗೇ ಇತ್ತಲ್ಲ?”

ಟೈಪಿಸ್ಟಮ್ಮ ಆ ಪೆನ್ಸಿಲ್ ಗೆರೆಯ ಪತ್ರವನ್ನು ಮುಂದಿಟ್ಟರು. ಹೆಡ್ಮಾಸ್ತರು ಓದಿದರು. ಕೆಳಗೆ ತಮ್ಮದೇ ಸಹಿ ಇತ್ತು. ಅದರ ಪಕ್ಕದಲ್ಲಿ ಚಹಾದ ಲೋಟದ ಉಂಗುರವೂ ಇತ್ತು. ಅದೇ ಹೊತ್ತಿಗೆ ಫೋನು ಹೊಡೆದುಕೊಂಡಿತು.

ಹಡಗಿನ ಎಂಜಿನ್ ಕಾಲೇಜಿನಿಂದ. ಮಾತಾಡುತ್ತಿದ್ದದ್ದು ಒಬ್ಬ ಹೆಂಗಸು. ಯಂತ್ರಗಳ ನಡುವೆಯೇ ಆಯುಷ್ಯ ಕಳೆದವರ ದೊಡ್ಡ ದನಿ, ಹೆಡ್ಮಾಸ್ತರು ಫೋನನ್ನು ಕಿವಿಯಿಂದ ಗೇಣುದೂರ ಹಿಡಿದಿದ್ದರೂ ಟೈಪಿಸ್ಟಮ್ಮನಿಗೆ ಪ್ರತಿ ಪದವೂ ಕೇಳಿಸುತ್ತಿತ್ತು.

“ಈ ವರ್ಷದಿಂದ ಆಯ್ಕೆ ನನ್ನ ಕೈಗೆ ಬಂದಿದೆ. ಹನ್ನೊಂದು ವರ್ಷದ ಕಡತ ತೆಗೆದು ನೋಡ್ತಾ ಇದೀನಿ. ನಿಮ್ಮ ಶಾಲೆಯಿಂದ ಬಂದ ಪ್ರತಿ ಹುಡುಗನೂ ಹುಟ್ಟು ನಾಯಕ. ಒಬ್ಬನೂ ತಪ್ಪಿಲ್ಲ. ಈ ವರ್ಷ ನೋಡಿದ್ರೆ ಎರಡು ಜನ ಹುಡುಗಿಯರು ಹುಟ್ಟು ನಾಯಕಿಯರು, ನಾಲ್ಕು ಜನ ಹುಡುಗರು ಹೂಕುಂಡಕ್ಕೆ ನೀರು ಹಾಕ್ತಾರಂತೆ. ಹಡಗಲ್ಲಿ ಹೂಕುಂಡ ಇರಲ್ಲ ಸಾರ್. ಕ್ಯಾಪ್ಟನ್ನೂ ಒಬ್ಬರೇ ಇರೋದು. ಏನ್ ನಡೀತಿದೆ ಅಲ್ಲಿ?”

ಹೆಡ್ಮಾಸ್ತರು ಫೋನನ್ನು ಇನ್ನೊಂದು ಕೈಗೆ ಬದಲಾಯಿಸಿದರು.

“ನಿಮ್ಮ ಪತ್ರಗಳನ್ನೆಲ್ಲ ಪಕ್ಕಕ್ಕೆ ಎಸೆದಿದೀನಿ” ಎಂದಿತು ಆ ದನಿ. “ನಾಲ್ಕು ಗಂಟೆಗೆ ಸಂದರ್ಶನದ ಪಟ್ಟಿ ಮುಗಿಸಬೇಕು. ಮೊದಲನೇ ಹುಡುಗಿ ಎಂಥೋಳು ಅಂತ ಬಾಯಲ್ಲಿ ಹೇಳಿ. ಎರಡು ನಿಮಿಷ. ಹೇಳೋಕೆ ಆಗದಿದ್ರೆ ಪಟ್ಟಿಯಿಂದ ತೆಗೀತೀನಿ.” ಆಮೇಲೆ ಹೆಸರು ಹೇಳಿದರು. ತರಲೆಯ ಹೆಸರು.

ಮಾಡಿದ ಕಿತಾಪತಿ ತಿರುಗಿ ಬಂದು ಆ ಹುಡುಗಿಯ ಕುತ್ತಿಗೆಗೇ ಬಿದ್ದಿತ್ತು. ಅದಲುಬದಲು ಮಾಡದೆ ಇದ್ದಿದ್ದರೆ ಒಳ್ಳೆಯ ಹುಡುಗಿ ಎಂದು ಬಿಟ್ಟುಬಿಡುತ್ತಿದ್ದರು. ಈಗ ಸುಳ್ಳಿ ಎಂದು ಬಿಡುತ್ತಾರೆ. ಹೆಡ್ಮಾಸ್ತರಿಗೋ ಆ ಹೆಸರಿನ ಹುಡುಗಿ ಉದ್ದವೋ ಗಿಡ್ಡವೋ ಎಂಬುದೂ ಗೊತ್ತಿರಲಿಲ್ಲ. ಅವರು ಬಿಸಿ ಪಾತ್ರೆ ದಾಟಿಸುವ ಹಾಗೆ ಫೋನನ್ನು ಟೈಪಿಸ್ಟಮ್ಮನ ಕೈಗೆ ದಾಟಿಸಿದರು.

“ಅವಳು ಮೃದು...” ಎಂದು ನಾಲಿಗೆ ತಾನಾಗಿಯೇ ಹೊರಟಿತು. ಟೈಪಿಸ್ಟಮ್ಮ ಅದನ್ನು ಕಚ್ಚಿ ಹಿಡಿದರು. ಇಪ್ಪತ್ತೊಂದು ವರ್ಷ ಕುಟ್ಟಿದ ವಾಕ್ಯಗಳನ್ನು ಬಿಟ್ಟರೆ ಬೇರೇನೂ ಬಾಯಿಗೆ ಬರಲಿಲ್ಲ. ಕೊನೆಗೆ ಇದ್ದದ್ದನ್ನೇ ಹೇಳಿದರು. “ನಾನು ಇಲ್ಲಿ ಟೈಪಿಸ್ಟು. ಆ ಪತ್ರ ಮಾಡಿದ್ದು ನಾನೇ. ಅವಳು ನನ್ನ ತಂಗಿ ಮಗಳು. ನಾನು ಹೊಗಳಿದ್ರೆ ನೀವು ನಂಬಬಾರದು.”

“ಹಾಗಾದ್ರೆ ಬೈಯಿರಿ” ಎಂದಿತು ದನಿ. “ಮನೆಯೋರು ಹೊಗಳೋದು ನಂಗೆ ಬೇಡ. ಅವಳನ್ನ ಯಾತಕ್ಕೆ ಬೈತೀರಿ ಹೇಳಿ.”

ಅದಕ್ಕೇನು ಕೊರತೆ! ಟೈಪಿಸ್ಟಮ್ಮ ಕುರ್ಚಿ ಎಳೆದುಕೊಂಡು ಕೂತರು.

“ಒಂದಾ ಎರಡಾ ಮೇಡಂ? ಮನೇಲಿ ಒಂದು ಸಾಮಾನು ಮುಚ್ಚಿಟ್ಟಂಗೆ ಇರಲ್ಲ. ನೆಟ್ಟಗಿರೋ ಫ್ಯಾನ್ ಬಿಚ್ತಾಳೆ. ಯಾಕೇ ಅಂದ್ರೆ, ನೆಟ್ಟಗಿರುವಾಗಲೇ ನೋಡಿದ್ರಲ್ವಾ ಕೆಟ್ಟಾಗ ಗೊತ್ತಾಗೋದು ಅಂತಾಳೆ. ಹೋದ ಬೇಸಿಗೇಲಿ ನಮ್ಮ ಕಟ್ಟಡದ ನೀರಿನ ಪಂಪು ಕೆಟ್ಟಿತ್ತು. ರಿಪೇರಿಯೋನು ಹೊಸದೇ ತರಬೇಕು ಅಂತ ಹೇಳಿ ಹೋದ. ಇವಳು ಶಾಲೆಗೆ ಚಕ್ಕರ್ ಹೊಡೆದು ಎರಡು ದಿನ ಪಂಪಿನ ಗುಂಡೀಲಿ ಕೂತಳು. ನಾನು ಕೂಗಿದ ಕೂಗಿಗೆ ನಾಲ್ಕು ಮನೆಯೋರು ಹೊರಗೆ ಬಂದ್ರು. ಅವಳು ಬರ್ಲಿಲ್ಲ. ಮೂರನೇ ದಿನ ನೀರು ಬಂತು, ಆಮೇಲೆ ಇವಳು ಬಂದ್ಲು. ಮೈಯೆಲ್ಲ ಗ್ರೀಸು, ಹೊಸ ಯೂನಿಫಾರ್ಮು! ಎದುರುತ್ತರ ಅಂದ್ರೆ ಕೇಳಲೇಬೇಡಿ. ಭೌತಶಾಸ್ತ್ರದ ಮೇಷ್ಟ್ರು ಹಲಗೆ ಮೇಲೆ ಒಂದು ಲೆಕ್ಕ ತಪ್ಪು ಮಾಡಿದ್ರಂತೆ. ಮೂರು ವಾರ ಅವರ ಬೆನ್ನು ಬಿಡ್ಲಿಲ್ಲ. ಪಾಪ, ಅವರು ಕಾರಿಡಾರಲ್ಲಿ ಇವಳನ್ನ ಕಂಡರೆ ಶೌಚಾಲಯಕ್ಕೆ ನುಗ್ತಿದ್ರು. ಕೊನೆಗೆ ಒಪ್ಪಿಕೊಂಡ್ರು. ಒಂದು ಮಾತಲ್ಲೂ ನನ್ನನ್ನ ಗೆಲ್ಲೋಕೆ ಬಿಡಲ್ಲ ಮೇಡಂ. ನಾನು ಏನ್ ಹೇಳಿದ್ರೂ ಯಾಕೆ ಅಂತಾಳೆ. ನಂಗೆ... ನಂಗೆ ಇಷ್ಟು ವರ್ಷದಲ್ಲಿ ಯಾಕೆ ಅಂತ ಯಾರೂ ಕೇಳೇ ಇರ್ಲಿಲ್ಲ. ನಾನೂ ಕೇಳ್ಕೊಂಡಿರ್ಲಿಲ್ಲ.”

ಕೊನೆಯ ಎರಡು ಮಾತು ಹೇಗೆ ಹೊರಬಿತ್ತೋ ಅವರಿಗೇ ತಿಳಿಯಲಿಲ್ಲ. ಹೆಡ್ಮಾಸ್ತರು ನೀರಿನ ಲೋಟ ಮುಂದೆ ತಳ್ಳಿದರು.

“ಸಾಕು. ಸೋಮವಾರ ಹತ್ತು ಗಂಟೆಗೆ ಕಳಿಸಿ” ಎಂದಿತು ದನಿ. “ಆ ಪಂಪಿನ ವಿಷಯ ಅವಳ ಬಾಯಲ್ಲೇ ಕೇಳಬೇಕು. ಸರಿ, ಇನ್ನೊಬ್ಬ ಹುಡುಗಿ. ಕ್ರಮಸಂಖ್ಯೆ ಹತ್ತೊಂಬತ್ತು. ಇವಳನ್ನ ಬೈಯಿರಿ.”

ಟೈಪಿಸ್ಟಮ್ಮ ಕಡತ ತಿರುವಿ ಹೆಸರು ಹುಡುಕಿದರು. ಕ್ರಮಸಂಖ್ಯೆ ಹತ್ತೊಂಬತ್ತು. ಮೂರು ವರ್ಷದಿಂದ ಅವಳ ಹೆಸರು ಹಾಜರಿಯಲ್ಲಿ ಟೈಪ್ ಮಾಡಿದ್ದಾರೆ. ಮುಖ ನೆನಪಿಗೆ ಬರುತ್ತಿಲ್ಲ. ಎಂದೂ ದಂಡ ಕಟ್ಟಿದವಳಲ್ಲ, ತಡವಾಗಿ ಬಂದವಳಲ್ಲ, ಆಫೀಸಿನ ಹೊಸ್ತಿಲು ತುಳಿದವಳಲ್ಲ. ಅವರ ನಮೂನೆಯಲ್ಲಿದ್ದ ಒಳ್ಳೆಯ ಹುಡುಗಿ ಅಂದರೆ ಇವಳೇ. ಇಡೀ ಶಾಲೆಯಲ್ಲಿ ಇವಳನ್ನು ಬೈಯಲು ಒಬ್ಬರೂ ಇರಲಿಲ್ಲ.

“ನಂಗೆ ಅರ್ಧ ಗಂಟೆ ಕೊಡಿ ಮೇಡಂ” ಎಂದರು.

“ಈಗ ಮೂರೂ ಕಾಲು. ಮೂರೂಮುಕ್ಕಾಲಿಗೆ ನೀವೇ ಫೋನ್ ಮಾಡಿ.”

ಟೈಪಿಸ್ಟಮ್ಮ ಪೆನ್ನು, ಒಂದು ಖಾಲಿ ಹಾಳೆ ಎತ್ತಿಕೊಂಡು ಎದ್ದರು. “ಸಾರ್, ಆ ನಾಲ್ಕು ಹುಡುಗರು ಹಿಂದಿನ ಬೆಂಚಲ್ಲಿರ್ತಾರೆ. ಅವರು ನಿಮಗೆ.”

“ನಾನಾ? ನಾನೇನ್ರೀ ಕೇಳಲಿ ಅವರನ್ನ?” ಎಂದು ಗೊಣಗುತ್ತಲೇ ಹೆಡ್ಮಾಸ್ತರು ಚಹಾ ಅರ್ಧಕ್ಕೆ ಬಿಟ್ಟು ಹಿಂದೆ ಬಂದರು. ಅವರು ತರಗತಿಗಳ ಮಹಡಿ ಹತ್ತಿದ್ದನ್ನು ನೋಡಿ ಜವಾನ ಬೆಂಚಿನಿಂದ ಕಾಲು ಕೆಳಗಿಳಿಸಿದ.

ಹತ್ತೊಂಬತ್ತನೇ ನಂಬರಿನವಳು ಕಿಟಕಿಯ ಪಕ್ಕ ಕೂತಿದ್ದಳು. ಸಣ್ಣ ಮುಖ, ಬಿಗಿಯಾಗಿ ಕಟ್ಟಿದ ಜಡೆ. ಟೈಪಿಸ್ಟಮ್ಮ ಬೆಂಚಿನಲ್ಲಿ ಅವಳ ಪಕ್ಕ ತೂರಿಕೊಂಡು ಕೂತು, ಸುತ್ತಿ ಬಳಸದೆ ಕೇ‌ಳಿಬಿಟ್ಟರು. “ನಿನ್ನನ್ನ ಮನೇಲಿ ಯಾತಕ್ಕೆ ಬೈತಾರಮ್ಮ?”

ಹುಡುಗಿ ಹೆದರಿ ಎದ್ದು ನಿಂತಳು. ಕೈ ಹಿಡಿದು ಕೂರಿಸಬೇಕಾಯಿತು. ಆಮೇಲೆ, ಕಿವಿಗೊಟ್ಟರೆ ಮಾತ್ರ ಕೇಳುವಷ್ಟು ಮೆಲ್ಲಗೆ ಹೇಳಿದಳು. “ಮಾತೇ ಆಡಲ್ಲ ಅಂತ ಬೈತಾರೆ.”

ಇವಳು ನಿಜವಾಗಿಯೂ ಮೃದುಭಾಷಿ. ಇನ್ನೇನು ಹೇಳುವುದು ಆ ಗುಡುಗಿನ ದನಿಯ ಹೆಂಗಸಿಗೆ? ಕೈಬಿಟ್ಟು ಏಳಬೇಕೆನ್ನುವಾಗ ಮನೆಯಲ್ಲಿ ದಿನಕ್ಕೆ ನೂರು ಸಲ ಕೇಳುವ ಪದ ಅವರ ಬಾಯಿಂದಲೇ ಬಂತು. “ಯಾಕೆ? ಯಾಕೆ ಮಾತಾಡಲ್ಲ ನೀನು?”

“ಕೇಳ್ತಾ ಇರ್ತೀನಿ ಮೇಡಂ.”

“ಏನನ್ನ?”

ಹುಡುಗಿ ಆಚೀಚೆ ನೋಡಿದಳು. ಯಾರಾದರೂ ನಗುತ್ತಾರೇನೋ ಎಂದು. “ನಮ್ಮ ಮನೆ ಹಿಟ್ಟಿನ ಗಿರಣಿ ಮೇಲಿದೆ. ಕೆಳಗಡೆ ಯಂತ್ರ ಓಡ್ತಿರುತ್ತೆ. ಅದರ ಸದ್ದು ಬದಲಾದ್ರೆ ಬೆಲ್ಟು ಸಡಿಲ ಆಗಿದೆ ಅಂತ ನಂಗೆ ಗೊತ್ತಾಗುತ್ತೆ. ಗಿರಣಿಯೋರು ಈಗೀಗ ನನ್ನನ್ನೇ ಕೇಳ್ತಾರೆ.”

“ಇದನ್ನ ಯಾರಿಗಾದ್ರೂ ಹೇಳಿದೀಯಾ?”

“ಯಾರೂ ಕೇಳ್ಲಿಲ್ಲ ಮೇಡಂ.”

ಟೈಪಿಸ್ಟಮ್ಮ ಹಾಳೆ ಅಲ್ಲೇ ಬಿಟ್ಟರು, ಪೆನ್ನೂ ಬಿಟ್ಟರು. ಹುಡುಗಿಯ ಮಣಿಕಟ್ಟು ಹಿಡಿದು ಮೆಟ್ಟಿಲುಗಳನ್ನು ಎರಡೆರಡಾಗಿ ಇಳಿದರು. ಆಫೀಸಿಗೆ ಬಂದು ನಂಬರು ಒತ್ತಿ, ಆ ಕಡೆ ಫೋನ್ ಎತ್ತಿದ ಕೂಡಲೇ, “ಹತ್ತೊಂಬತ್ತು ಇಲ್ಲೇ ಇದ್ದಾಳೆ. ನೀವೇ ಮಾತಾಡಿ” ಎಂದು ಹುಡುಗಿಯ ಕಿವಿಗೆ ಹಿಡಿದರು.

ಹುಡುಗಿ ಏನೋ ಪಿಸುಗುಟ್ಟಿದಳು.

“ಜೋರಾಗಿ ಮಾತಾಡಮ್ಮ!” ಎಂದು ಅರಚಿತು ದನಿ. “ನಾನು ವರ್ಕ್‌ಶಾಪಲ್ಲಿದೀನಿ, ಪಕ್ಕದಲ್ಲಿ ಎಂಜಿನ್ ಓಡ್ತಿದೆ, ಏನೂ ಕೇಳಿಸ್ತಿಲ್ಲ!”

ಹುಡುಗಿ ತಲೆ ಸ್ವಲ್ಪ ಓರೆ ಮಾಡಿದಳು. ಫೋನನ್ನು ಕಿವಿಗೆ ಒತ್ತಿ ಹಿಡಿದು ಕಣ್ಣು ಮುಚ್ಚಿದಳು.

“ನಂಗೆ ಕೇಳಿಸ್ತಿದೆ ಮೇಡಂ” ಎಂದಳು ಹುಡುಗಿ, ಅದೇ ಮೆಲುದನಿಯಲ್ಲಿ. “ಎಂಜಿನ್ ಸರಿಯಾಗಿ ಓಡ್ತಿಲ್ಲ. ನಾಲ್ಕು ಸಲ ಬಡಿಯೋ ಕಡೆ ಮೂರೇ ಸಲ ಬಡೀತಿದೆ.”

ಆ ಕಡೆ ಫೋನನ್ನು ಮೇಜಿನ ಮೇಲೆ ಇಟ್ಟ ಸದ್ದು, ದೂರ ಹೋಗುವ ಹೆಜ್ಜೆಗಳು, ಯಾರನ್ನೋ ಕೂಗಿದ್ದು, ಎಂಜಿನ್ ನಿಂತದ್ದು ಒಂದೊಂದಾಗಿ ಕೇಳಿಸಿದವು. ಆಮೇಲೆ ಹೆಜ್ಜೆಗಳು ಓಡುತ್ತ ವಾಪಸು ಬಂದವು.

“ಸೋಮವಾರ ಬಾಮ್ಮ” ಎಂದಿತು ದನಿ. ಈ ಸಲ ಅದೂ ಪಿಸುಗುಟ್ಟುತ್ತಿತ್ತು.